ಬಹಳ ವರ್ಷ ನಿಂತ ಹಳೆ ಕಾರಿನ ಕ್ಲಚ್ ಕಚ್ಚಿಕೊಂಡಿದೆ, ಬಿಡಿಸುವುದು ಹೇಗೆ?

ಪ್ರಶ್ನೆ: ನಮ್ಮ ತಂದೆಯವರ ಕಾರು 1960ರ ದಶಕದ್ದು. ಸುಮಾರು 9 ವರ್ಷ ಶೆಡ್‌ನಲ್ಲೇ ನಿಂತಿತ್ತು. ಈಗ ಎಂಜಿನ್ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ. ಎಂಜಿನ್ ಆಫ್ ಇದ್ದಾಗ ಗೇರ್ ಸಲೀಸಾಗಿ ಬೀಳುತ್ತದೆ. ಆದರೆ ಎಂಜಿನ್ ಓಡುತ್ತಿರುವಾಗ ಕ್ಲಚ್ ಪೂರ್ತಿ ಒತ್ತಿದರೂ ಯಾವ ಗೇರೂ ಬೀಳುವುದಿಲ್ಲ, ಕರಕರ ಸದ್ದು ಬರುತ್ತದೆ. ಒಬ್ಬ ಮೆಕ್ಯಾನಿಕ್ ಹಿಂದಿನ ಚಕ್ರ ಜ್ಯಾಕ್ ಮೇಲೆ ಎತ್ತಿ, ಗೇರ್‌ನಲ್ಲಿ ಸ್ಟಾರ್ಟ್ ಮಾಡಿ, ಜೋರಾಗಿ ಬ್ರೇಕ್ ಹೊಡೆದರೆ ಬಿಡುತ್ತದೆ ಅಂತಾರೆ. ಇನ್ನೊಬ್ಬರು ಗೇರ್‌ಬಾಕ್ಸ್ ಇಳಿಸಲೇಬೇಕು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಜ್ಯಾಕ್ ಮೇಲೆ ಎತ್ತಿ ಮಾಡುವ ಕೆಲಸವನ್ನಂತೂ ಖಂಡಿತ ಮಾಡಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಗೇರ್‌ಬಾಕ್ಸ್ ಇಳಿಸುವುದು ಕೊನೆಯ ದಾರಿ. ಹೀಗೆ ನಿಂತ ಕಾರುಗಳಲ್ಲಿ ಎಷ್ಟೋ ಕ್ಲಚ್‌ಗಳು ಏನನ್ನೂ ಬಿಚ್ಚದೆ ಬಿಟ್ಟುಕೊಳ್ಳುತ್ತವೆ. ಆದರೆ ಅದಕ್ಕೂ ಮುಂಚೆ ಒಂದು ವಿಷಯ ಗೊತ್ತಾಗಬೇಕು: ಕ್ಲಚ್ ನಿಜವಾಗಿಯೂ ಕಚ್ಚಿಕೊಂಡಿದೆಯಾ, ಅಥವಾ ನೀವು ಪೆಡಲ್ ಒತ್ತಿದ್ದು ಕ್ಲಚ್‌ವರೆಗೆ ತಲುಪುತ್ತಲೇ ಇಲ್ವಾ? ಎರಡಕ್ಕೂ ಲಕ್ಷಣ ಒಂದೇ. ಇದನ್ನು ನೋಡದೆ ಜೋರು ಮಾಡಿದವರು ಕೊನೆಗೆ ಗೇರ್‌ಬಾಕ್ಸ್ ಇಳಿಸಿ, ಒಳಗೆ ಎಲ್ಲ ಸರಿಯಾಗಿಯೇ ಇರುವುದನ್ನು ಕಂಡಿದ್ದೂ ಉಂಟು.

ಒಳಗೆ ಏನಿದೆ ಅಂತ ಮೊದಲು ನೋಡೋಣ. ಎಂಜಿನ್‌ನ ಹಿಂಬದಿಯಲ್ಲಿ ಫ್ಲೈವೀಲ್, ಅಂದರೆ ಎಂಜಿನ್ ಜೊತೆ ತಿರುಗುವ ಭಾರವಾದ ಚಕ್ರ. ಅದರ ಮೇಲೆ ಬೋಲ್ಟ್ ಆದ ಪ್ರೆಶರ್ ಪ್ಲೇಟ್. ಎರಡರ ನಡುವೆ, ಗೇರ್‌ಬಾಕ್ಸ್‌ನ ಶಾಫ್ಟ್ ಮೇಲೆ ಕೂತ ಕ್ಲಚ್ ಪ್ಲೇಟ್. ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟ್‌ನ ಮುಖ ಸಾಮಾನ್ಯವಾಗಿ ಎರಕದ ಕಬ್ಬಿಣ. ಕ್ಲಚ್ ಪ್ಲೇಟ್‌ನ ಎರಡೂ ಬದಿಗೆ ಲೈನಿಂಗ್, ಅಂದರೆ ಉಜ್ಜಿ ಹಿಡಿಯುವ ಪದರ ಇದೆ, ಅದು ಗಾಳಿಯ ತೇವ ಹೀರುತ್ತದೆ. ಕಾರು ನಿಂತಿರುವಾಗ ಸ್ಪ್ರಿಂಗ್‌ಗಳು ಈ ಮೂರನ್ನೂ ಬಿಗಿಯಾಗಿ ಒತ್ತಿ ಹಿಡಿದಿರುತ್ತವೆ. ವರ್ಷಗಟ್ಟಲೆ ಹಾಗೇ ಇದ್ದರೆ ಕಬ್ಬಿಣಕ್ಕೆ ತುಕ್ಕು ಬಂದು, ಆ ತುಕ್ಕು ಲೈನಿಂಗ್‌ನ ಸಣ್ಣ ಸಣ್ಣ ರಂಧ್ರಗಳ ಒಳಗೆ ಬೆಳೆಯುತ್ತದೆ. ಒದ್ದೆ ಬಟ್ಟೆ ಕಬ್ಬಿಣದ ಸರಳಿನ ಮೇಲೆ ಒಣಗಿ ಹಿಡಿದುಕೊಂಡ ಹಾಗೆ. ಈಗ ಪೆಡಲ್ ಒತ್ತಿದರೆ ಪ್ರೆಶರ್ ಪ್ಲೇಟ್‌ನ ಒತ್ತಡ ಹೋಗುತ್ತದೆ, ಆದರೆ ಕ್ಲಚ್ ಪ್ಲೇಟ್ ಮಾತ್ರ ಫ್ಲೈವೀಲ್‌ಗೆ ಅಥವಾ ಪ್ರೆಶರ್ ಪ್ಲೇಟ್‌ಗೆ ಅಂಟಿಯೇ ಇರುತ್ತದೆ. ಯಾವುದಕ್ಕೆ ಅಂಟಿದರೂ ಫಲ ಒಂದೇ, ಎರಡೂ ಎಂಜಿನ್ ಜೊತೆಗೇ ತಿರುಗುವ ಭಾಗಗಳು.

ಪರೀಕ್ಷೆ ಪೆಡಲ್‌ನಿಂದಲೇ ಶುರುವಾಗಲಿ. ಪೆಡಲ್ ಕೆಳಗಿನ ದಪ್ಪ ಮ್ಯಾಟ್ ತೆಗೆದುಹಾಕಿ. ಪೆಡಲ್ ತಳ ಮುಟ್ಟದಂತೆ ಅದೇ ತಡೆದಿರುವುದುಂಟು. ಆಮೇಲೆ ಒಬ್ಬರು ಪೆಡಲ್ ಒತ್ತಲಿ, ನೀವು ಗೇರ್‌ಬಾಕ್ಸ್ ಪಕ್ಕದಲ್ಲಿ ಕ್ಲಚ್ ಫೋರ್ಕ್ (ಕ್ಲಚ್ ಬಿಡಿಸುವ ಸನ್ನೆಕೋಲು) ನೋಡಿ. ಹೈಡ್ರಾಲಿಕ್ ಕ್ಲಚ್ (ಆಯಿಲ್ ಒತ್ತಡದಲ್ಲಿ ಕೆಲಸ ಮಾಡುವುದು) ಆಗಿದ್ದರೆ ಗೇರ್‌ಬಾಕ್ಸ್ ಕಡೆಯ ಸ್ಲೇವ್ ಸಿಲಿಂಡರ್‌ನಿಂದ ಹೊರಬರುವ ಪುಶ್ ರಾಡ್ ಎಷ್ಟು ಚಲಿಸುತ್ತದೆ ಅಂತ ಸ್ಕೇಲ್ ಹಿಡಿದು ಅಳೆಯಿರಿ. ಈ ಕಾಲದ ಬಹಳಷ್ಟು ಕಾರುಗಳಲ್ಲಿ ಅದು 12 ಮಿ.ಮೀ. ಆಸುಪಾಸು ಇರಬೇಕು. ನಿಮ್ಮ ಕಾರಿನ ಸರಿಯಾದ ಅಳತೆ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿ ಇರುತ್ತದೆ. ರಾಡ್ ನಾಲ್ಕೈದು ಮಿ.ಮೀ. ಮಾತ್ರ ಅಲ್ಲಾಡಿದರೆ ತೊಂದರೆ ಕ್ಲಚ್‌ನಲ್ಲಿ ಅಲ್ಲ, ಹೈಡ್ರಾಲಿಕ್‌ನಲ್ಲಿ. ಅಲ್ಲಿ ಗಾಳಿ ಸೇರಿರಬಹುದು, ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಸೀಲ್ ಹೋಗಿರಬಹುದು, ಸ್ಲೇವ್ ಸಿಲಿಂಡರ್ ಸೋರುತ್ತಿರಬಹುದು. ಇಂಥ ಕ್ಲಚ್‌ಗೂ ಹಾಕುವ ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ನೀರಿನ ಅಂಶ ಹೀರಿಕೊಳ್ಳುತ್ತದೆ. ಇಷ್ಟು ವರ್ಷ ನಿಂತರೆ ಸಿಲಿಂಡರ್‌ನ ಒಳಗೋಡೆಯಲ್ಲಿ ಗುಳಿ ಬೀಳುವುದು ಸಹಜ. ಹಳೆ ಆಯಿಲ್ ಪೂರ್ತಿ ತೆಗೆದು, ಸೀಲ್ ಬದಲಿಸಿ, ಗಾಳಿ ತೆಗೆಯಿರಿ. ಕಾರಿಗೆ ಯಾವ ಆಯಿಲ್ ಹೇಳಿದ್ದಾರೋ ಅದನ್ನೇ ಹಾಕಿ. ಬ್ರೇಕ್ ಆಯಿಲ್ ಹಾಕಬೇಕಾದ ಕಡೆ ಎಂಜಿನ್ ಆಯಿಲ್ ಒಂದಿಷ್ಟು ಸೇರಿದರೂ ಸೀಲ್‌ಗಳು ಊದಿಕೊಂಡು ಹಾಳಾಗುತ್ತವೆ. ಕೇಬಲ್ ಕ್ಲಚ್ ಆಗಿದ್ದರೆ ಕೆಲಸ ಸುಲಭ. ಕೇಬಲ್ ಎಳೆ ಬಿಟ್ಟಿದೆಯಾ, ಹೊರಕವಚದೊಳಗೆ ಹಿಡಿದಿದೆಯಾ, ಅಡ್ಜಸ್ಟ್‌ಮೆಂಟ್ ಸರಿಯಿದೆಯಾ, ಇಷ್ಟು ನೋಡಿದರೆ ಸಾಕು.

ರಾಡ್ ಪೂರ್ತಿ ಚಲಿಸುತ್ತಿದೆ ಅಂತಾದರೆ ಎರಡನೇ ಪರೀಕ್ಷೆ. ಸಮತಟ್ಟಾದ ಜಾಗದಲ್ಲಿ ಎಂಜಿನ್ ಆಫ್ ಮಾಡಿ, ಟಾಪ್ ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಬಿಡಿ. ಒಬ್ಬರು ಪೆಡಲ್ ತಳಕ್ಕೆ ಒತ್ತಿ ಕೂರಲಿ. ಇಬ್ಬರು ಕಾರು ತಳ್ಳಲಿ. ನೀವು ಬಾನೆಟ್ ತೆಗೆದು ಪಕ್ಕದಲ್ಲಿ ನಿಂತು ಫ್ಯಾನ್ ನೋಡಿ, ಕೈ ಮಾತ್ರ ದೂರ ಇಟ್ಟುಕೊಳ್ಳಿ. ಕ್ಲಚ್ ಬಿಟ್ಟಿದ್ದರೆ ಕಾರು ಉರುಳುತ್ತದೆ, ಫ್ಯಾನ್ ಸುಮ್ಮನೆ ನಿಂತಿರುತ್ತದೆ. ಕಚ್ಚಿದ್ದರೆ ಕಾರು ತಡೆದು ತಡೆದು ಸಾಗುತ್ತದೆ, ಅದರ ಜೊತೆಗೆ ಫ್ಯಾನೂ ಒಂದೊಂದು ಕಂಪ್ರೆಷನ್‌ಗೆ (ಎಂಜಿನ್ ಒಳಗೆ ಗಾಳಿ ಒತ್ತಿಕೊಳ್ಳುವಾಗಿನ ತಡೆಗೆ) ನಿಂತು ನಿಂತು ತಿರುಗುತ್ತದೆ. ಫ್ಯಾನ್ ತಿರುಗದೆ ಕಾರು ಸ್ವಲ್ಪ ಬಿಗಿಯಾಗಿ ಮಾತ್ರ ಸಾಗಿದರೆ ಪ್ಲೇಟ್ ಅಂಟಿಲ್ಲ, ಎಲ್ಲೋ ಉಜ್ಜುತ್ತಿದೆ ಅಷ್ಟೆ. ಹಾಗಾಗಲು ಸಾಮಾನ್ಯ ಕಾರಣ ಗೇರ್‌ಬಾಕ್ಸ್ ಶಾಫ್ಟ್‌ನ ಸ್ಪ್ಲೈನ್ (ಪ್ಲೇಟ್ ಜಾರುವ ಉದ್ದ ಹಲ್ಲುಗಳು) ಮೇಲಿನ ತುಕ್ಕು. ಪ್ಲೇಟ್ ಹಿಂದೆ ಮುಂದೆ ಜಾರಲಾಗದೆ ಫ್ಲೈವೀಲ್‌ಗೆ ತಾಗಿಕೊಂಡೇ ಇರುತ್ತದೆ. ಅಪರೂಪಕ್ಕೆ ಶಾಫ್ಟ್‌ನ ತುದಿ ಕೂರುವ ಸಣ್ಣ ಬುಷ್ ಕೂಡ ಕಚ್ಚಿಕೊಳ್ಳುವುದುಂಟು. ಕಾರು ಸ್ವಲ್ಪ ಓಡಿದ ಮೇಲೆ ಸ್ಪ್ಲೈನ್ ತಾನೇ ಸಡಿಲವಾಗಬಹುದು. ಬುಷ್ ಕಚ್ಚಿದ್ದರೆ ಗೇರ್‌ಬಾಕ್ಸ್ ಇಳಿಸದೆ ದಾರಿಯಿಲ್ಲ.

ಈಗ ಕ್ಲಚ್ ಕಚ್ಚಿದೆ ಅಂತ ಖಚಿತವಾಯಿತು ಅಂದುಕೊಳ್ಳೋಣ. ಮೊದಲು ಕೈಗೆ ಬರುವುದು ತುಕ್ಕು ಬಿಡಿಸುವ ಸ್ಪ್ರೇ. ದಯವಿಟ್ಟು ಅದನ್ನು ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರುವ ಕವಚ) ಒಳಗೆ ಹೊಡೆಯಬೇಡಿ. ಲೈನಿಂಗ್ ಎಣ್ಣೆ ಕುಡಿದರೆ ಮತ್ತೆ ಬಿಡುವುದಿಲ್ಲ. ಕ್ಲಚ್ ಬಿಟ್ಟುಕೊಂಡರೂ ಆಮೇಲೆ ಜಾರುತ್ತದೆ, ನಡುಗುತ್ತದೆ, ಕೊನೆಗೆ ಗೇರ್‌ಬಾಕ್ಸ್ ಇಳಿಸಲೇಬೇಕಾಗುತ್ತದೆ. ಉಳಿಸಬಹುದಾಗಿದ್ದ ಪ್ಲೇಟ್ ಕೆಲವೇ ಸೆಕೆಂಡ್‌ಗಳಲ್ಲಿ ಕೆಟ್ಟುಹೋಗುತ್ತದೆ.

ಇನ್ನೊಂದು ಮಾತು ಬ್ರೇಕ್ ಬಗ್ಗೆ. 9 ವರ್ಷ ನಿಂತ ಕಾರಿನ ಕ್ಲಚ್ ಕೆಟ್ಟಿದ್ದರೆ ಬ್ರೇಕ್ ಕೂಡ ಕೆಟ್ಟಿರುವ ಸಾಧ್ಯತೆ ಜಾಸ್ತಿ. ಮುಂದೆ ಹೇಳುವ ಎಲ್ಲ ಕೆಲಸಕ್ಕೂ ಒಳ್ಳೆಯ ಬ್ರೇಕ್ ಬೇಕು. ಹಾಗಾಗಿ ಕ್ಲಚ್ ಮುಟ್ಟುವ ಮೊದಲೇ ಬ್ರೇಕ್ ಕೆಲಸ ಮುಗಿಸಿ.

ಈಗ ಬಿಡಿಸುವ ಕೆಲಸ. ನನ್ನ ಮೊದಲ ಆಯ್ಕೆ ಯಾವಾಗಲೂ ಬಿಸಿ ಮತ್ತು ಸಮಯ. ಕಾರನ್ನು ನ್ಯೂಟ್ರಲ್‌ನಲ್ಲಿ ತಳ್ಳಿ ಬಯಲಿಗೆ ತನ್ನಿ. ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಓಡಿಸಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ. ನ್ಯೂಟ್ರಲ್‌ನಲ್ಲೇ ಅರ್ಧ ಗಂಟೆ ಎಂಜಿನ್ ಓಡಲಿ. ನೀರಿನ ಬಿಸಿ ಬೇಗ ಏರುತ್ತದೆ, ಫ್ಲೈವೀಲ್‌ಗೆ ಬಿಸಿ ಹರಡಲು ಜಾಸ್ತಿ ಹೊತ್ತು ಬೇಕು. ಬೆಲ್ ಹೌಸಿಂಗ್ ಮೇಲೆ ಕೈಯಿಟ್ಟರೆ ಚೆನ್ನಾಗಿ ಬೆಚ್ಚಗಿರಬೇಕು. ಆಮೇಲೆ ಎಂಜಿನ್ ಆಫ್ ಮಾಡಿ, ಪೆಡಲ್ ಪೂರ್ತಿ ಒತ್ತಿ, ಪೆಡಲ್‌ಗೂ ಸೀಟಿನ ಚೌಕಟ್ಟಿಗೂ ನಡುವೆ ಒಂದು ಮರದ ತುಂಡು ಸಿಕ್ಕಿಸಿ. ರಾತ್ರಿಯಿಡೀ ಹಾಗೇ ಬಿಡಿ.

ಇದರಿಂದ ಏನಾಗುತ್ತದೆ? ಕಬ್ಬಿಣ, ಲೈನಿಂಗ್ ಎರಡೂ ಬಿಸಿಗೆ ಹಿಗ್ಗಿ, ತಣಿದಾಗ ಕುಗ್ಗುತ್ತವೆ, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ಆ ವ್ಯತ್ಯಾಸ ತುಕ್ಕಿನ ಹಿಡಿತವನ್ನು ಒಂದಿಷ್ಟು ಒಡೆಯುತ್ತದೆ. ಒಳಗಿನ ತೇವವೂ ಆರುತ್ತದೆ. ಮೇಲಿನ ಒತ್ತಡ ಇಲ್ಲದಿರುವುದರಿಂದ ಒಡೆದದ್ದು ಮತ್ತೆ ಕೂಡಿಕೊಳ್ಳುವುದಿಲ್ಲ. ಕೆಲವು ಸಲ ಬೆಳಿಗ್ಗೆ ಬಂದು ನೋಡಿದರೆ ಎಂಜಿನ್ ಓಡುವಾಗಲೂ ಗೇರ್ ಸಲೀಸಾಗಿ ಬೀಳುತ್ತದೆ. ಬೀಳದಿದ್ದರೆ ನಿರಾಸೆ ಬೇಡ, ನಾಲ್ಕೈದು ದಿನ ಇದನ್ನೇ ಮಾಡಿ. ಹೈಡ್ರಾಲಿಕ್ ಕ್ಲಚ್ ಇರುವವರು ಬೆಳಿಗ್ಗೆ ಪುಶ್ ರಾಡ್ ಇನ್ನೂ ಚಾಚಿಕೊಂಡೇ ಇದೆಯಾ ಅಂತ ನೋಡಬೇಕು. ಸೀಲ್ ದುರ್ಬಲವಾಗಿದ್ದರೆ ಒತ್ತಡ ನಿಧಾನವಾಗಿ ಇಳಿದುಹೋಗುತ್ತದೆ, ಆಗ ಮರದ ತುಂಡು ಇಟ್ಟೂ ಪ್ರಯೋಜನವಿಲ್ಲ.

ಇದಕ್ಕೆ ಬಗ್ಗದಿದ್ದರೆ ಜಗ್ಗುವ ಕೆಲಸ. ಎಂಜಿನ್ ಬಿಸಿಯಿರುವಾಗಲೇ ಆಫ್ ಮಾಡಿ, ಟಾಪ್ ಗೇರ್ ಹಾಕಿ, ಪೆಡಲ್ ಒತ್ತಿ ಹಿಡಿದು, ಇಬ್ಬರು ಮೂವರು ಕಾರನ್ನು ಹಿಂದೆ ಮುಂದೆ ಜರ್ಕ್ ಕೊಟ್ಟು ತಳ್ಳಿ. ಟಾಪ್ ಗೇರ್ ಯಾಕೆ ಅಂದರೆ, ಚಕ್ರದಲ್ಲಿ ನೀವು ಹಾಕಿದ ತಿರುಚು ಬಲ ಗೇರ್ ಅನುಪಾತದಿಂದ ಭಾಗವಾಗಿ ಕ್ಲಚ್‌ಗೆ ತಲುಪುತ್ತದೆ. ಹಳೆ ಕಾರೊಂದರ ಟಾಪ್ ಗೇರ್ 1:1, ಹಿಂದಿನ ಆಕ್ಸೆಲ್ 4:1 ಅಂದುಕೊಳ್ಳಿ. ಚಕ್ರದ ಬಲದ ನಾಲ್ಕನೇ ಒಂದು ಭಾಗ ಕ್ಲಚ್‌ಗೆ ಸಿಗುತ್ತದೆ. ಮೊದಲ ಗೇರ್ 3.5:1 ಇದ್ದರೆ ಸಿಗುವುದು ಹದಿನಾಲ್ಕನೇ ಒಂದು ಭಾಗ ಮಾತ್ರ. ಮೊದಲ ಗೇರ್‌ನಲ್ಲಿ ಎಷ್ಟು ಬೆವರು ಸುರಿಸಿದರೂ ಕ್ಲಚ್‌ಗೆ ಅದು ತಾಗುವುದೇ ಇಲ್ಲ. ಇನ್ನು ಜರ್ಕ್ ಯಾಕೆ ಬೇಕು? ನಿಧಾನವಾಗಿ ತಳ್ಳಿದರೆ ಎಂಜಿನ್ ಸುಮ್ನೆ ತಿರುಗಿಬಿಡುತ್ತದೆ. ಕಂಪ್ರೆಷನ್ ತಡೆಯುವಷ್ಟು ಬಲ ಮಾತ್ರ ಕ್ಲಚ್ ಮೇಲೆ ಬೀಳುತ್ತದೆ. ತಟ್ಟನೆ ಜಗ್ಗಿದರೆ ಭಾರವಾದ ಫ್ಲೈವೀಲ್ ಒಮ್ಮೆಲೇ ಹೊರಡಲಾಗದೆ ತಡೆಯುತ್ತದೆ, ಆ ಕ್ಷಣದ ಬಲವೆಲ್ಲ ಅಂಟಿದ ಜಾಗಕ್ಕೇ ಹೋಗುತ್ತದೆ. ಸ್ಪಾರ್ಕ್ ಪ್ಲಗ್ ತೆಗೆದರೆ ತಳ್ಳಲು ಸುಲಭ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಇಲ್ಲಿ ನಮಗೆ ಕಂಪ್ರೆಷನ್ ತಡೆಯೇ ಬೇಕಾಗಿರುವುದು.

ಮುಂದಿನ ಹಂತ ಸೆಲ್ಫ್ ಮೋಟಾರ್. ನನ್ನ ಅನುಭವದಲ್ಲಿ ಬಿಸಿಗೆ ಬಿಡದ ಕ್ಲಚ್‌ಗಳು ಹೆಚ್ಚಾಗಿ ಬಿಡುವುದು ಇಲ್ಲೇ. ಇಗ್ನಿಷನ್ ಕಾಯಿಲ್‌ಗೆ ಬರುವ ಸಣ್ಣ ವೈರ್ ಬಿಚ್ಚಿಡಿ, ಎಂಜಿನ್ ಸ್ಟಾರ್ಟ್ ಆಗಬಾರದು. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಕಾರಿನ ಮುಂದೆ ಹಿಂದೆ ಯಾರೂ ನಿಲ್ಲಬಾರದು. ಟಾಪ್ ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಎಡಗಾಲಲ್ಲಿ ಕ್ಲಚ್, ಬಲಗಾಲಲ್ಲಿ ಬ್ರೇಕ್ ಬಲವಾಗಿ ಒತ್ತಿ. ಈಗ ಸೆಲ್ಫ್ ಹೊಡೆಯಿರಿ, ಎರಡು ಮೂರು ಸೆಕೆಂಡ್ ಮಾತ್ರ. ಚಕ್ರ ನಿಂತಿದೆ, ಹಾಗಾಗಿ ಕ್ಲಚ್ ಪ್ಲೇಟೂ ನಿಂತಿದೆ. ಅತ್ತ ಸೆಲ್ಫ್ ಮೋಟಾರ್ ಫ್ಲೈವೀಲ್‌ನ ಹಲ್ಲು ಹಿಡಿದು ತಿರುಗಿಸಲು ನೋಡುತ್ತದೆ. ಅದರ ಪೂರ್ತಿ ಬಲ ಲೈನಿಂಗ್ ಅಂಟಿದ ಜಾಗದಲ್ಲೇ ಬೀಳುತ್ತದೆ. ಇಲ್ಲೂ ಟಾಪ್ ಗೇರ್‌ಗೇ ಲಾಭ, ಬ್ರೇಕ್ ತಡೆಯಬೇಕಾದ ಬಲ ಕಡಿಮೆ. ಕ್ಲಚ್ ಬಿಡದಿದ್ದರೆ ಸೆಲ್ಫ್ ಗುಂಯ್ ಎಂದು ನರಳಿ ನಿಲ್ಲುತ್ತದೆ. ಬಿಟ್ಟಾಗ ಒಂದು ಟಕ್ ಸದ್ದು ಕೇಳಿ, ಎಂಜಿನ್ ತಟ್ಟನೆ ಹಗುರವಾಗಿ ತಿರುಗತೊಡಗುತ್ತದೆ. ಒಮ್ಮೆ ಕೇಳಿದರೆ ಆ ವ್ಯತ್ಯಾಸ ಮರೆಯುವುದಿಲ್ಲ. ಪ್ರತಿ ಸಲದ ನಡುವೆ ಒಂದೆರಡು ನಿಮಿಷ ಬಿಡುವು ಕೊಡಿ. ನಿಂತಲ್ಲೇ ನರಳುವ ಸೆಲ್ಫ್ ಮೋಟಾರ್ ವಿಪರೀತ ಕರೆಂಟ್ ಎಳೆಯುತ್ತದೆ, ವೈರ್ ಕಾಯುತ್ತದೆ. ಐದಾರು ಸಲ ನೋಡಿ ಆಗದಿದ್ದರೆ ನಿಲ್ಲಿಸಿ, ಸೆಲ್ಫ್ ಸುಡುವ ಹಂತಕ್ಕೆ ಹೋಗಬೇಡಿ.

ಇನ್ನೂ ಬಿಟ್ಟಿಲ್ಲ ಅಂದರೆ ಕಾರು ಓಡಿಸಿ ಬಿಡಿಸಬೇಕು. ಇದಕ್ಕೆ ದೊಡ್ಡ, ಸಮತಟ್ಟಾದ, ಜನ ಓಡಾಡದ ಖಾಸಗಿ ಜಾಗವೇ ಬೇಕು. ಸಾರ್ವಜನಿಕ ರಸ್ತೆ ಬೇಡವೇ ಬೇಡ. ಕಾಯಿಲ್ ವೈರ್ ಮತ್ತೆ ಹಾಕಿ. ಬಿಸಿ ಎಂಜಿನ್ ಆಫ್ ಇರುವಾಗಲೇ ಎರಡನೇ ಗೇರ್ ಹಾಕಿ, ಪೆಡಲ್ ಒತ್ತಿ ಹಿಡಿದು, ಸೆಲ್ಫ್ ಹೊಡೆಯಿರಿ. ಕಾರು ಒಮ್ಮೆ ಜಿಗಿದು ಹೊರಡುತ್ತದೆ. ಪೆಡಲ್ ಬಿಡಬೇಡಿ. ಆಕ್ಸಿಲರೇಟರ್ ಒತ್ತಿ, ತಟ್ಟನೆ ಬಿಡಿ. ಮತ್ತೆ ಒತ್ತಿ, ಬಿಡಿ. ಬಲ ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ಬೀಳುತ್ತಾ ಹಿಡಿತ ಸಡಿಲವಾಗುತ್ತದೆ. ನಡುನಡುವೆ ಬ್ರೇಕ್ ಗಟ್ಟಿಯಾಗಿ ಒತ್ತಿ. ಕ್ಲಚ್ ಬಿಡದಿದ್ದರೆ ಎಂಜಿನ್ ಆಫ್ ಆಗಿ ಕಾರು ನಿಲ್ಲುತ್ತದೆ, ಬಿಟ್ಟರೆ ಕಾರು ನಿಂತರೂ ಎಂಜಿನ್ ಓಡುತ್ತಲೇ ಇರುತ್ತದೆ. ಮೊದಲ ಗೇರ್‌ನಲ್ಲಿ ಇದನ್ನು ಮಾಡಬೇಡಿ. ಅಲ್ಲಿ ಬಲ ಹಲವು ಪಟ್ಟು ಹೆಚ್ಚಾಗಿ ಕ್ರೌನ್ ಪಿನಿಯನ್ (ಹಿಂದಿನ ಆಕ್ಸೆಲ್ ಒಳಗಿನ ಗೇರ್‌ಗಳು) ಮತ್ತು ಹಿಂದಿನ ಆಕ್ಸೆಲ್ ಶಾಫ್ಟ್ ಮೇಲೆ ಬೀಳುತ್ತದೆ. ಹಳೆ ಕಾರುಗಳಲ್ಲಿ ಆ ಶಾಫ್ಟ್ ಮುರಿಯುವುದು ಹೊಸದೇನಲ್ಲ. ಕ್ಲಚ್ ಪ್ಲೇಟ್ ಉಳಿಸಲು ಹೋಗಿ ಆಕ್ಸೆಲ್ ಕಳೆದುಕೊಳ್ಳಬಾರದು ಅಲ್ವಾ?

ಈಗ ಆ ಜ್ಯಾಕ್ ವಿಚಾರ. ಎತ್ತಿದ ಕಾರಿನ ಚಕ್ರ ವೇಗವಾಗಿ ತಿರುಗುತ್ತಿದೆ, ನೀವು ತಟ್ಟನೆ ಬ್ರೇಕ್ ಹೊಡೆಯುತ್ತೀರಿ. ತಿರುಗುತ್ತಿದ್ದ ಚಕ್ರ, ಶಾಫ್ಟ್, ಫ್ಲೈವೀಲ್ ಎಲ್ಲದರ ವೇಗ ಒಮ್ಮೆಲೇ ನಿಂತು, ಆ ಹೊಡೆತ ಕಾರಿನ ಮೈಗೆ ಬೀಳುತ್ತದೆ. ಕಾರು ಕುಪ್ಪಳಿಸಿ ಸ್ಟ್ಯಾಂಡ್‌ನಿಂದ ಜಾರಬಹುದು. ಜಾರಿದರೆ ಗೇರ್‌ನಲ್ಲಿರುವ ಕಾರು ಚಕ್ರ ನೆಲಕ್ಕೆ ತಾಗಿದ ಕೂಡಲೇ ಮುನ್ನುಗ್ಗುತ್ತದೆ, ಅದನ್ನು ಎಂಜಿನ್‌ನಿಂದ ಬಿಡಿಸಲು ನಿಮ್ಮಲ್ಲಿ ಕ್ಲಚ್ ಇಲ್ಲ. ನೆಲದ ಮೇಲೆ ನಾಲ್ಕು ಚಕ್ರ ಊರಿಕೊಂಡೇ ಇಷ್ಟೆಲ್ಲ ಮಾಡಲು ಆಗುವಾಗ ಈ ಅಪಾಯಕ್ಕೆ ಕೈಹಾಕುವ ಅಗತ್ಯವೇ ಇಲ್ಲ.

ಕೆಲವು ಕಾರುಗಳಲ್ಲಿ ಬೆಲ್ ಹೌಸಿಂಗ್ ಕೆಳಗೆ ಒಂದು ತಗಡಿನ ಮುಚ್ಚಳ ಇರುತ್ತದೆ. ಅದನ್ನು ತೆಗೆದರೆ ಫ್ಲೈವೀಲ್‌ನ ಅಂಚು ಕಾಣುತ್ತದೆ. ಪೆಡಲ್‌ಗೆ ಮರ ಕೊಟ್ಟು, ಬ್ಯಾಟರಿ ವೈರ್ ಬಿಚ್ಚಿ, ಟಾರ್ಚ್ ಹಿಡಿದು ನೋಡಿ. ಲೈನಿಂಗ್‌ನ ಒಂದು ಬದಿಯಲ್ಲಿ ಕೂದಲೆಳೆಯಷ್ಟು ಸಂದು ಕಾಣಿಸಿದರೆ ಪ್ಲೇಟ್ ಅಂಟಿರುವುದು ಅದರ ಎದುರು ಬದಿಗೆ. ಆ ಕಡೆ ಫೀಲರ್ ಗೇಜ್‌ನ (ಸಂದು ಅಳೆಯುವ ಉಕ್ಕಿನ ಪಟ್ಟಿಗಳು) ತೆಳುವಾದ ಎಲೆಯನ್ನು ಮೆಲ್ಲಗೆ ನುಗ್ಗಿಸುತ್ತಾ, ಎಂಜಿನ್ ಕೈಯಲ್ಲಿ ತಿರುಗಿಸುತ್ತಾ ಸುತ್ತಲೂ ಬನ್ನಿ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಲೈನಿಂಗ್ ಚೂರಾಗಿ ಬರುತ್ತದೆ.

ಇಷ್ಟಾದರೂ ಬಿಡದ ಕ್ಲಚ್ ಬಲವಂತದಿಂದ ಬಿಟ್ಟರೂ ಉಪಯೋಗಕ್ಕೆ ಬರುವುದು ಕಷ್ಟ. ಆಗ ಗೇರ್‌ಬಾಕ್ಸ್ ಇಳಿಸಿ, ಎರಡನೇ ಮೆಕ್ಯಾನಿಕ್ ಹೇಳಿದ್ದು ಆಗ ಸರಿ. ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಆ ಕಾಲದ ಕ್ಲಚ್ ಲೈನಿಂಗ್‌ನಲ್ಲಿ ಸಾಮಾನ್ಯವಾಗಿ ಆಸ್ಬೆಸ್ಟಾಸ್ ಇರುತ್ತದೆ. ಬ್ರಿಟನ್‌ನಂಥ ದೇಶದಲ್ಲೂ ಅದಕ್ಕೆ ನಿಷೇಧ ಬಂದದ್ದು 1999ರಲ್ಲಿ. ಅದರ ಧೂಳು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. ಬೆಲ್ ಹೌಸಿಂಗ್ ಒಳಗಿನ ಧೂಳಿಗೆ ಏರ್ ಹೊಡೆಯಬೇಡಿ, ಪೊರಕೆಯಲ್ಲಿ ಗುಡಿಸಬೇಡಿ. ನೀರು ಸಿಂಪಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಿ. ಸಣ್ಣ ಕಣ ತಡೆಯುವ ಮಾಸ್ಕ್ ಹಾಕಿಕೊಳ್ಳಿ, ಮುಖಕ್ಕೆ ಕಟ್ಟಿದ ಬಟ್ಟೆ ಸಾಲದು. ಹಳೆ ಸ್ಟಾಕ್‌ನ ಬಿಚ್ಚದ ಪ್ಯಾಕೆಟ್‌ನಲ್ಲಿ ಬರುವ ಪ್ಲೇಟ್‌ಗಳಲ್ಲೂ ಇದೇ ಲೈನಿಂಗ್ ಇರಬಹುದು, ಹೊಸದಾಗಿ ತಯಾರಾದದ್ದನ್ನೇ ತೆಗೆದುಕೊಳ್ಳಿ.

ಇಳಿಸುವಾಗ, ಏರಿಸುವಾಗ ಗೇರ್‌ಬಾಕ್ಸ್‌ನ ಭಾರ ಶಾಫ್ಟ್ ಮೇಲೆ ನೇತಾಡಬಾರದು, ಕ್ಲಚ್ ಪ್ಲೇಟ್‌ನ ನಡುಭಾಗ ಬಾಗುತ್ತದೆ. ಪ್ರೆಶರ್ ಪ್ಲೇಟ್ ಬೋಲ್ಟ್‌ಗಳನ್ನು ಎದುರುಬದುರಾಗಿ, ಅರ್ಧರ್ಧ ಸುತ್ತು ಸಡಿಲಿಸುತ್ತಾ ಬನ್ನಿ. ಕವರ್ ಬಿಡಿಸಿದ ಮೇಲೆ ಅಂಟಿದ ಪ್ಲೇಟ್ ಮೆಲ್ಲಗೆ ತಟ್ಟಿದರೆ ಬರುತ್ತದೆ. ಫ್ಲೈವೀಲ್ ಮೇಲೆ ಲೈನಿಂಗ್‌ನ ಗೆರೆಗಳು ಸಮೇತ ಒಂದು ಕೆಂಗಂದು ಉಂಗುರ ಅಚ್ಚೊತ್ತಿರುತ್ತದೆ. ಎಮರಿ ಪೇಪರ್‌ನಲ್ಲಿ ಉಜ್ಜಿ, ಉಗುರು ಎಳೆದು ನೋಡಿ. ಉಗುರಿಗೆ ಏನೂ ಸಿಗದಿದ್ದರೆ ಹಾಗೇ ಬಳಸಬಹುದು. ಗುಳಿ ತಾಗಿದರೆ ಲೇತ್ ಕೆಲಸಕ್ಕೆ ಕೊಡಿ. ಇಷ್ಟು ಬಿಚ್ಚಿದ ಮೇಲೆ ಪ್ಲೇಟ್, ಫೋರ್ಕ್ ಒತ್ತುವ ರಿಲೀಸ್ ಬೇರಿಂಗ್, ಶಾಫ್ಟ್ ತುದಿಯ ಬುಷ್ ಮೂರನ್ನೂ ಬದಲಿಸುವುದೇ ಲೇಸು. ಕಂಚಿನ ಬುಷ್ ಆಗಿದ್ದರೆ ಒಂದು ದಿನ ಎಂಜಿನ್ ಆಯಿಲ್‌ನಲ್ಲಿ ಮುಳುಗಿಸಿಟ್ಟು ಹಾಕಿ. ಸ್ಪ್ಲೈನ್‌ಗೆ ಗ್ರೀಸ್ ತೆಳ್ಳಗೆ ಸವರಿದರೆ ಸಾಕು, ಜಾಸ್ತಿಯಾದರೆ ಅದು ಸಿಡಿದು ಲೈನಿಂಗ್‌ಗೆ ಹೋಗುತ್ತದೆ.

ಇಷ್ಟೂ ಹೇಳಿದ್ದು ಒಣ ಕ್ಲಚ್‌ಗೆ. ಹಡ್ಸನ್‌ನಂಥ ಕೆಲವು ಹಳೆ ಕಾರುಗಳಲ್ಲಿ ಎಣ್ಣೆಯಲ್ಲಿ ಮುಳುಗಿದ ಕಾರ್ಕ್ ಕ್ಲಚ್ ಇತ್ತು. ಅಲ್ಲಿ ಅಂಟಿಸುವುದು ಗಟ್ಟಿಯಾದ ಹಳೆ ಎಣ್ಣೆ. ಅದನ್ನು ಬಸಿದು, ತೊಳೆದು, ಸರಿಯಾದ ಎಣ್ಣೆ ಹಾಕುವುದೇ ಮೊದಲ ಕೆಲಸ.

ನಿಮ್ಮ ಕ್ಲಚ್ ಬಿಚ್ಚದೇ ಬಿಟ್ಟುಕೊಂಡರೆ ಮೊದಲ ಕೆಲವು ದಿನ ಸ್ವಲ್ಪ ನಡುಗುತ್ತದೆ. ಮುಖದ ಮೇಲಿನ ತುಕ್ಕು ಸವೆಯುವವರೆಗೆ ಅದು ಸಹಜ. ಮೆಲ್ಲಗೆ ಓಡಿಸಿ, ಹೊರಡುವಾಗ ಎಂಜಿನ್ ಜೋರು ಮಾಡಬೇಡಿ. ಆಮೇಲೆ ಖಾಲಿ ಜಾಗದಲ್ಲಿ ಒಂದು ಪರೀಕ್ಷೆ ಮಾಡಿ: ಟಾಪ್ ಗೇರ್‌ನಲ್ಲಿ ಕಡಿಮೆ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಹಾಗಿದ್ದರೆ, ಅಥವಾ ನಡುಕ ಕಡಿಮೆಯಾಗುವ ಬದಲು ಹೆಚ್ಚುತ್ತಾ ಹೋದರೆ, ಲೈನಿಂಗ್‌ನ ಒಂದು ತುಂಡು ಕಿತ್ತುಬಂದಿದೆ ಅಂತ ತಿಳಿದು ಪ್ಲೇಟ್ ಬದಲಿಸಿ.

ಮತ್ತೆ ಕಾರು ನಿಲ್ಲಿಸುವುದಾದರೆ ತೊಳೆದ ದಿನವೇ ಶೆಡ್‌ಗೆ ಹಾಕಬೇಡಿ. ಒಂದಿಷ್ಟು ದೂರ ಓಡಿಸಿ, ಎಲ್ಲ ಒಣಗಿದ ಮೇಲೆ ನಿಲ್ಲಿಸಿ. ತಿಂಗಳಿಗೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ಕ್ಲಚ್ ಹಲವು ಸಲ ಒತ್ತಿ, ಕಾರನ್ನು ಹಿಂದೆ ಮುಂದೆ ಮಾಡಿ. ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಬೇಡ. ಅದರಿಂದ ಎಂಜಿನ್ ಮತ್ತು ಸೈಲೆನ್ಸರ್ ಒಳಗೆ ನೀರು ಕೂರುತ್ತದೆ, ಕ್ಲಚ್‌ವರೆಗೆ ಬಿಸಿ ಹೋಗುವುದೇ ಇಲ್ಲ. ತಿಂಗಳುಗಟ್ಟಲೆ ಹತ್ತಿರ ಹೋಗಲು ಆಗುವುದಿಲ್ಲ ಅಂತಾದರೆ ಪೆಡಲ್‌ಗೆ ಮರ ಕೊಟ್ಟೇ ನಿಲ್ಲಿಸಿ. ಸ್ಪ್ರಿಂಗ್ ಹಾಳಾಗುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ದಿನಾ ಒತ್ತುವ ದೂರಕ್ಕಿಂತ ಒಂದಿಷ್ಟೂ ಹೆಚ್ಚು ಅದು ಬಾಗಿರುವುದಿಲ್ಲ, ಒಂದು ಮಳೆಗಾಲದ ಮಟ್ಟಿಗೆ ಅದಕ್ಕೇನೂ ಆಗದು. ಹೈಡ್ರಾಲಿಕ್ ಕ್ಲಚ್ ಆಗಿದ್ದರೆ ಸೀಲ್ ಹೊಸದಿರಬೇಕು ಅಷ್ಟೆ. ಮರ ಕೊಟ್ಟಿರುವುದನ್ನು ಒಂದು ಚೀಟಿಯಲ್ಲಿ ಬರೆದು ಸ್ಟೇರಿಂಗ್‌ಗೆ ಕಟ್ಟಿಡಿ, ಕಾರು ತೆಗೆಯಲು ಬರುವವರು ನೀವೇ ಆಗಿರಬೇಕು ಅಂತೇನೂ ಇಲ್ಲವಲ್ಲ.